ನೈಯಾಳ ಹಲ್ಲಿನಲ್ಲಿ ಉಳಿದ ತಾಯಿಬೇರು

2007ರಲ್ಲಿ ಮೆಕ್ಸಿಕೊದ ಯುಕಟಾನ್ ಪರ್ಯಾಯ ದ್ವೀಪದ ನೀರು ತುಂಬಿದ ಗುಹೆಯೊಂದರಲ್ಲಿ ಈಜುತ್ತಿದ್ದ ಮೂವರು ಮುಳುಗುಗಾರರಿಗೆ ಕಾಲ ಕೆಳಗಿನ ನೆಲ ಇದ್ದಕ್ಕಿದ್ದಂತೆ ಮಾಯವಾಯಿತು. ದೀಪ ಹಿಡಿದರೂ ತಳ ಕಾಣದ ಆ ಕೂಪಕ್ಕೆ ಓಯೊ ನೀಗ್ರೊ, ಅಂದರೆ ಕಪ್ಪು ಗುಂಡಿ, ಎಂದು ಹೆಸರಾಯಿತು. ಅದರ ತಳದಲ್ಲಿ, ಅಳಿದುಹೋದ ಆನೆಜಾತಿಯ ಪ್ರಾಣಿಗಳ ಮೂಳೆಗಳ ನಡುವೆ, ಮನುಷ್ಯರ ತಲೆಬುರುಡೆಯೊಂದು ತಲೆಕೆಳಗಾಗಿ ಕೂತಿತ್ತು. ಹಲ್ಲುಗಳು ಗಟ್ಟಿಯಾಗಿದ್ದವು.

ಹದಿನೈದು ಹದಿನಾರರ ಹುಡುಗಿ, ಐದಡಿಗೂ ಕಡಿಮೆ ಎತ್ತರ. ಗ್ರೀಕರ ಜಲದೇವತೆಯರ ನೆನಪಿನಲ್ಲಿ ಅವಳನ್ನು ನೈಯಾ ಎಂದು ಕರೆದರು. ಅವಳ ಕಾಲಕ್ಕೆ ಸಮುದ್ರಮಟ್ಟ ತಗ್ಗಿತ್ತು, ಗುಹೆ ಒಣಗಿತ್ತು. ನೀರು ಅರಸಿ ಕತ್ತಲಲ್ಲಿ ನಡೆದವಳು ಗುಂಡಿಗೆ ಬಿದ್ದಳೆಂದು ತಜ್ಞರು ಊಹಿಸುತ್ತಾರೆ. ಹಲ್ಲಿನ ಎನಾಮೆಲ್‌ನ ಇಂಗಾಲವನ್ನೂ ಮೂಳೆಯ ಮೇಲೆ ಬೆಳೆದ ಸುಣ್ಣದ ಹರಳಿನ ಯುರೇನಿಯಂ-ಥೋರಿಯಂ ಪ್ರಮಾಣವನ್ನೂ ಅಳೆದಾಗ, ಅವಳು ಬದುಕಿದ್ದು 12,000ದಿಂದ 13,000 ವರ್ಷಗಳ ಹಿಂದೆ ಎಂದು ಗೊತ್ತಾಯಿತು.

ಇವಳು ಯಾರ ಪೈಕಿ? ಕಿರಿದಾದ ಮುಖ, ಉದ್ದನೆಯ ಬುರುಡೆ. ಇಂದಿನ ಅಮೆರಿಕದ ಮೂಲನಿವಾಸಿಗಳ ಹೋಲಿಕೆ ಕಾಣುವುದಿಲ್ಲ. ಇಂಥ ಬುರುಡೆಗಳನ್ನು ನೋಡಿಯೇ, ಮೊದಲು ಬಂದವರು ಬೇರೆ ಜನ, ಇಂದಿನವರ ಪೂರ್ವಜರು ಆಮೇಲೆ ಬಂದವರು ಎಂಬ ವಾದ ಬಹಳ ಕಾಲ ನಡೆದಿತ್ತು. ಆ ನೆಲದಲ್ಲೇ ಹುಟ್ಟಿ ಬೆಳೆದ ಜನರ ಹಕ್ಕನ್ನೇ ಅಲುಗಾಡಿಸಬಲ್ಲ ವಾದ ಇದು. ಬರೀ ಬುರುಡೆಯ ಆಕಾರದ ಮೇಲೆ ಅಷ್ಟು ದೊಡ್ಡ ಮಾತು ನಿಲ್ಲಬಾರದು ಎಂಬುದು ನನ್ನ ದೃಢವಾದ ನಿಲುವು.

ಉತ್ತರ ಅವಳ ಬಾಯಲ್ಲೇ ಇತ್ತು. ಮೂಳೆಗಳು ನೀರಿನಲ್ಲಿ ಸವೆದು ಸಾರ ಕಳೆದುಕೊಂಡಿದ್ದವು. ಆದರೆ ಮೂರನೆಯ ದವಡೆಹಲ್ಲಿನಲ್ಲಿ, ಎನಾಮೆಲ್‌ನ ಕವಚದೊಳಗೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯಾದ ಡಿಎನ್‌ಎ ಉಳಿದಿತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವಳದು ಡಿ1 ಎಂಬ ವಂಶಗುಂಪು, ಅಂದರೆ ಒಬ್ಬಳೇ ಮೂಲತಾಯಿಯಿಂದ ಕವಲೊಡೆದ ಸಂತತಿ. ಅದರ ಮೂಲ ಏಷ್ಯಾದಲ್ಲಿದೆ. ಡಿ1 ಕವಲೊಡೆದದ್ದು ಸೈಬೀರಿಯಾ ಮತ್ತು ಅಲಾಸ್ಕಾಗಳನ್ನು ಕೂಡಿಸಿದ್ದ, ಈಗ ಮುಳುಗಿರುವ ಬೆರಿಂಜಿಯಾದಲ್ಲಿ ಇರಬೇಕು. ಇಂದಿನ ಮೂಲನಿವಾಸಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಇದೇ ಗುಂಪಿನವರು. ಹಾಗಾದರೆ ಮುಖ ಬದಲಾದದ್ದು ಹೊಸ ಜನ ಬಂದದ್ದರಿಂದಲೇ ಆಗಬೇಕಿಲ್ಲ. ಅದೇ ಜನರ ಚಹರೆ ಸಾವಿರಾರು ವರ್ಷಗಳಲ್ಲಿ ಬದಲಾಗಿರಬಹುದು.

ಒಂದು ಎಚ್ಚರ ಬೇಕು. ಈ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ: ತಾಯಿ, ಅವಳ ತಾಯಿ, ಅವಳ ತಾಯಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ಇದು ಹೇಳುವುದು ಅವುಗಳಲ್ಲಿ ಒಂದೇ ಒಂದರ ಕಥೆ.

ಆದರೂ ಆ ಒಂದು ಎಳೆ ನನ್ನನ್ನು ಕಾಡುತ್ತದೆ. ನೈಯಾಳ ಸೊಂಟದ ಮೂಳೆಯಲ್ಲಿ ಸಣ್ಣ ಗುಳಿಗಳಿವೆ; ಅಷ್ಟು ಚಿಕ್ಕ ವಯಸ್ಸಿಗೇ ಅವಳಿಗೆ ಹೆರಿಗೆಯಾಗಿತ್ತೆಂಬುದಕ್ಕೆ ಅವು ಗುರುತಿರಬಹುದು. ಆ ಮಗು ಹೆಣ್ಣಾಗಿದ್ದು, ಬದುಕಿ ಬೆಳೆದು ತಾನೂ ಹೆಣ್ಣುಮಕ್ಕಳನ್ನು ಹೆತ್ತಿದ್ದರೆ, ನೈಯಾ ಗುಂಡಿಗೆ ಬಿದ್ದ ದಿನವೂ ಆ ಎಳೆ ಮೇಲೆ, ಬಿಸಿಲಿನಲ್ಲಿ, ಯಾರದೋ ಕಂಕುಳಲ್ಲಿತ್ತು.