ಪದ ಪರಿಚಯ: ಪಾಯಿಂಟ್ ಫಾರ್ವರ್ಡ್, ಎಲ್ಲ ಬಲ್ಲವನು ತಾರೆಯಾಗದ್ದೇಕೆ?

ಬಾಸ್ಕೆಟ್‌ಬಾಲ್ ನೋಡುವವರ ನಡುವೆ ‘ಪಾಯಿಂಟ್ ಫಾರ್ವರ್ಡ್’ ಎಂಬ ಮಾತು ಬಂದರೆ ಅದರ ಬೆನ್ನಿಗೇ ಒಂದು ನಿಟ್ಟುಸಿರೂ ಬರುವುದುಂಟು. ‘ಅವನಿಗೆ ಏನು ಬರುತ್ತಿರಲಿಲ್ಲ ಹೇಳಿ? ಆದರೂ...’ ಎಂದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಆ ‘ಆದರೂ’ ಎಲ್ಲಿಂದ ಬಂತು ಎಂದು ತಿಳಿಯಲು ಮೊದಲು ಪದವನ್ನೇ ಬಿಡಿಸಿ ನೋಡೋಣ.

ಅಂಕಣಕ್ಕಿಳಿಯುವ ಐವರನ್ನು ಕೋಚ್‌ಗಳು 1ರಿಂದ 5ರವರೆಗೆ ಸಂಖ್ಯೆಯಲ್ಲೇ ಕರೆಯುತ್ತಾರೆ. 1 ಎಂದರೆ ಪಾಯಿಂಟ್ ಗಾರ್ಡ್. ಚೆಂಡು ತರುವವನು, ಆಟ ಕಟ್ಟುವವನು, ಸಾಮಾನ್ಯವಾಗಿ ತಂಡದಲ್ಲೇ ಗಿಡ್ಡ. 2 ಶೂಟಿಂಗ್ ಗಾರ್ಡ್. 3 ಸ್ಮಾಲ್ ಫಾರ್ವರ್ಡ್, 4 ಪವರ್ ಫಾರ್ವರ್ಡ್, 5 ಸೆಂಟರ್. 3 ಅಥವಾ 4ರ ಜಾಗದಲ್ಲಿ ನಿಲ್ಲುವ ಎತ್ತರದ ಆಳು 1ರ ಕೆಲಸವನ್ನೂ ಹೊತ್ತುಕೊಂಡರೆ ಅವನೇ ಪಾಯಿಂಟ್ ಫಾರ್ವರ್ಡ್. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ, 1980ರ ದಶಕದಲ್ಲಿ ಡಾನ್ ನೆಲ್ಸನ್ ತರಬೇತಿಯ ಮಿಲ್ವಾಕೀ ಬಕ್ಸ್ ತಂಡದಲ್ಲಿ ಈ ಪದ ಬಳಕೆಗೆ ಬಂತು. ಹೆಸರಿಟ್ಟದ್ದು ತಾನೇ ಎಂದು ಆ ತಂಡದ ಫಾರ್ವರ್ಡ್ ಮಾರ್ಕಸ್ ಜಾನ್ಸನ್ ಹೇಳಿಕೊಂಡಿದ್ದಾರೆ. ಆ ಪಾತ್ರವನ್ನು ವರ್ಷಗಟ್ಟಲೆ ಆಡಿ ಪದಕ್ಕೆ ಒಂದು ಮುಖ ಕೊಟ್ಟವರು ಅದೇ ತಂಡದ ಪಾಲ್ ಪ್ರೆಸ್ಸಿ.

ಇದರ ಪಕ್ಕದಲ್ಲೇ ಇನ್ನೊಂದು ಪದವಿದೆ: ‘ಟ್ವೀನರ್’. ಇದು ಹೊಗಳಿಕೆಯಲ್ಲ. 4ರ ಜಾಗಕ್ಕೆ ಮೈಕಟ್ಟು ಸಾಲದು, 3ರ ಜಾಗಕ್ಕೆ ಕಾಲಿನ ವೇಗ ಸಾಲದು, ನಡುವೆ ಸಿಕ್ಕಿಬಿದ್ದ ಎಡಬಿಡಂಗಿ ಎಂಬುದು ಅದರ ಧ್ವನಿ. ತಮಾಷೆಯೆಂದರೆ ಒಬ್ಬನೇ ಆಟಗಾರ ಗೆಲ್ಲುತ್ತಿರುವಾಗ ಪಾಯಿಂಟ್ ಫಾರ್ವರ್ಡ್, ಸೋಲುತ್ತಿರುವಾಗ ಟ್ವೀನರ್.

ಎರಡೂ ಹೆಸರನ್ನು ಹೊತ್ತು ತಿರುಗಿದವರಲ್ಲಿ ನನ್ನ ಮಟ್ಟಿಗೆ ಮೊದಲ ಉದಾಹರಣೆ ಲಮಾರ್ ಓಡಮ್. ನ್ಯೂಯಾರ್ಕಿನ ಕ್ವೀನ್ಸ್‌ನವರು, ಎಡಗೈಯವರು, ಎತ್ತರ 6 ಅಡಿ 10 ಅಂಗುಲ. ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಒಂದೇ ಋತು ಆಡಿ 1999ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ನಾಲ್ಕನೆಯವರಾಗಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದರು. ಮೊದಲ ಋತುವಿನಲ್ಲೇ ಪಂದ್ಯಕ್ಕೆ ಸರಾಸರಿ 16.6 ಅಂಕ, 7.8 ರಿಬೌಂಡ್ (ಗುರಿ ತಪ್ಪಿದ ಶಾಟಿನ ಚೆಂಡು ಹಿಡಿಯುವುದು), 4.2 ಅಸಿಸ್ಟ್ (ಜೊತೆಯವನ ಅಂಕಕ್ಕೆ ದಾರಿಯಾದ ಪಾಸ್). ಇಪ್ಪತ್ತರ ಹುಡುಗನ ಈ ಅಂಕಿಗಳನ್ನು ಕಂಡವರು ಇನ್ನೈದು ವರ್ಷಕ್ಕೆ ಲೀಗ್ ಇವನದೇ ಎಂದುಕೊಂಡಿದ್ದರೆ ಅದು ಅತಿಯಾಸೆಯೇನಲ್ಲ. ಹದಿನಾಲ್ಕು ಋತು ಆಡಿ, ಎರಡು ಚಾಂಪಿಯನ್‌ಷಿಪ್ ಗೆದ್ದು ಹೊರಟಾಗ ಅವರ ಲೆಕ್ಕದಲ್ಲಿ ಋತುವಿನ ಆಯ್ದ ತಾರೆಯರು ಆಡುವ ಆಲ್‌ಸ್ಟಾರ್ ಪಂದ್ಯ ಒಂದೇ ಒಂದೂ ಇರಲಿಲ್ಲ.

ಅವರ ಆಟ ನೋಡಲು ಹೇಗಿತ್ತು? ಎದುರಾಳಿಯ ಶಾಟ್ ರಿಂಗಿಗೆ ಬಡಿದು ಮೇಲೇಳುತ್ತದೆ, ಓಡಮ್ ಅದನ್ನು ಹಿಡಿಯುತ್ತಾರೆ. ಬೇರೆ ಯಾವ ದೊಡ್ಡಾಳೇ ಆದರೂ ಅಲ್ಲಿ ನಿಂತು ಗಾರ್ಡ್‌ಗಾಗಿ ಹುಡುಕಿ, ಪಾಸ್ ಕೊಟ್ಟು, ಆಮೇಲೆ ಓಡಬೇಕು. ಓಡಮ್ ನೆಲಕ್ಕಿಳಿದ ಹೆಜ್ಜೆಯಲ್ಲೇ ಎಡಗೈಯಲ್ಲಿ ಡ್ರಿಬಲ್ ಶುರು ಮಾಡಿ ಮುನ್ನುಗ್ಗುತ್ತಾರೆ. ಆ ಒಂದು ಪಾಸ್ ಉಳಿಯಿತು, ಅಂದರೆ ಒಂದೋ ಎರಡೋ ಸೆಕೆಂಡ್ ಉಳಿಯಿತು. ಎದುರಾಳಿ ಪವರ್ ಫಾರ್ವರ್ಡ್‌ಗೆ ಹಿಮ್ಮುಖವಾಗಿ ಓಡುತ್ತಾ ಚೆಂಡು ತಡೆದು ಅಭ್ಯಾಸವಿಲ್ಲ, ಅವನ ಕಾಲು ಅಲ್ಲೇ ಗೊಂದಲಕ್ಕೆ ಬೀಳುತ್ತದೆ. ಸಹಾಯಕ್ಕೆ ಇನ್ನೊಬ್ಬ ಬಂದ ಗಳಿಗೆಗೆ ಚೆಂಡು ಮೂಲೆಯಲ್ಲಿ ಖಾಲಿ ನಿಂತವನ ಕೈಯಲ್ಲಿರುತ್ತದೆ. ಅವನು ಎಸೆಯುತ್ತಾನೆ, ಅಂಕ ಅವನಿಗೆ.

ತೊಡಕು ಇರುವುದು ಇಲ್ಲೇ.

ಎನ್‌ಬಿಎಯಲ್ಲಿ ತಾರೆ ಎನಿಸಿಕೊಳ್ಳಲು ಹತ್ತು ವಿದ್ಯೆ ಬೇಕಿಲ್ಲ. ತಡೆಯಲಾಗದ ಒಂದು ವಿದ್ಯೆ ಬೇಕು. ಪಂದ್ಯದ ಕೊನೆಯ ನಿಮಿಷ, 24 ಸೆಕೆಂಡಿನ ಗಡಿಯಾರದಲ್ಲಿ ಐದು ಉಳಿದಿದೆ, ಚೆಂಡು ಯಾರಿಗೆ ಹೋಗುತ್ತದೆ ಎಂದು ಗ್ಯಾಲರಿಯ ಕೊನೆಯ ಸಾಲಿನವರಿಗೂ ಗೊತ್ತು. ಗೊತ್ತಿದ್ದೂ ಏನೂ ಮಾಡಲಾಗದು ಎಂಬ ಸ್ಥಿತಿ ತಂದಿಡುವವನೇ ತಾರೆ. ಡರ್ಕ್ ನೊವಿಟ್ಸ್ಕಿ ಒಂದು ಕಾಲೆತ್ತಿ ಹಿಂದಕ್ಕೆ ವಾಲಿ ಎಸೆಯುತ್ತಿದ್ದ ಶಾಟ್, ಟಿಮ್ ಡಂಕನ್ ಬೋರ್ಡಿಗೆ ತಾಗಿಸಿ ಹಾಕುತ್ತಿದ್ದ ಶಾಟ್ ಅಂಥವು. ನೊವಿಟ್ಸ್ಕಿಗೆ ಓಡಮ್‌ನಷ್ಟು ಡ್ರಿಬಲ್ ಬರುತ್ತಿರಲಿಲ್ಲ, ಅಂಥ ಪಾಸ್‌ಗಳೂ ಅವರ ಕೈಯಿಂದ ಹೊರಡುತ್ತಿರಲಿಲ್ಲ. ಆದರೆ ಆ ಒಂದು ಶಾಟ್ 2011ರಲ್ಲಿ ಡಲ್ಲಾಸ್‌ಗೆ ಟ್ರೋಫಿ ತಂದಿತು.

ಓಡಮ್ ಬಳಿ ಅಂಥ ಒಂದು ಕೊನೆಯ ಅಸ್ತ್ರ ಇರಲಿಲ್ಲ. ಎಡಕ್ಕೆ ನುಗ್ಗುವುದು ಅವರ ಬಲ, ಹಾಗಾಗಿ ಓದಿಕೊಂಡು ಬಂದ ಎದುರಾಳಿ ಎಡಕ್ಕೇ ಅಡ್ಡ ನಿಲ್ಲುತ್ತಿದ್ದ. ಮೂರಂಕದ ಗೆರೆಯಾಚೆ ಅವರ ಯಶಸ್ಸು ವೃತ್ತಿಜೀವನದುದ್ದಕ್ಕೂ ಶೇ 31ರ ಆಸುಪಾಸು. ಹಾಗಾಗಿ ಎರಡು ಹೆಜ್ಜೆ ಹಿಂದೆ ಸರಿದು ‘ಬೇಕಿದ್ದರೆ ಎಸೆ’ ಎಂದು ಬಿಟ್ಟುಕೊಡುವುದು ಎದುರಾಳಿಗೆ ಲಾಭದ ಲೆಕ್ಕ. ಹಿಂದೆ ಸರಿದವನು ರಿಂಗಿನ ಕೆಳಗಿನ ‘ಪೇಂಟ್’ ಜಾಗವನ್ನೂ ಮುಚ್ಚುತ್ತಾನೆ, ಒಳನುಗ್ಗುವ ದಾರಿಯೂ ಕಿರಿದಾಗುತ್ತದೆ. ಆಗ ಉಳಿಯುವುದು ಪಾಸ್. ಓಡಮ್ ಪಾಸ್ ಕೊಡುತ್ತಿದ್ದರು, ಹತ್ತರಲ್ಲಿ ಎಂಟು ಸಲ ಅದೇ ಸರಿಯಾದ ಆಯ್ಕೆಯೂ ಆಗಿರುತ್ತಿತ್ತು. ಬಹಳ ಕೈಚಳಕ ಇರುವವನಿಗೆ ಸದಾ ಇನ್ನೊಂದು ದಾರಿ ಕಾಣುತ್ತಿರುತ್ತದೆ. ಒಂದೇ ದಾರಿ ಇರುವವನು ಆ ದಾರಿಯನ್ನೇ ಹೆದ್ದಾರಿ ಮಾಡಿಕೊಳ್ಳುತ್ತಾನೆ.

‘ಅವನಿಗೆ ಛಲವಿರಲಿಲ್ಲ’ ಎಂಬ ಸುಲಭದ ಉತ್ತರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಶಿಸ್ತಿನ ತೊಂದರೆ ಇದ್ದದ್ದು ನಿಜ. 2001ರಲ್ಲಿ ಲೀಗಿನ ಮಾದಕವಸ್ತು ನಿಯಮ ಮುರಿದದ್ದಕ್ಕೆ ಎರಡು ಸಲ ಅಮಾನತಾದರು. 2001–02ರ ಋತುವಿನಲ್ಲಿ ಆಡಿದ್ದು 29 ಪಂದ್ಯ ಮಾತ್ರ, ಮುಂದಿನ ಋತುವಿನಲ್ಲಿ 49. ಆಟಗಾರ ಬೆಳೆಯಬೇಕಾದ ವಯಸ್ಸು ಹೀಗೆ ಸೋರಿಹೋಯಿತು. ಆದರೆ ಅದಾದ ಮೇಲೂ ಒಂದು ಬಾಗಿಲು ತೆರೆದಿತ್ತು. 2003–04ರಲ್ಲಿ ಮಯಾಮಿ ಹೀಟ್ ತಂಡ ಅವರನ್ನು 4ರ ಜಾಗದಲ್ಲಿ ನಿಲ್ಲಿಸಿತು. ಡ್ವೇನ್ ವೇಡ್ ಆಗಿನ್ನೂ ಹೊಸಬರು. ಓಡಮ್ ಸರಾಸರಿ 17.1 ಅಂಕ, 9.7 ರಿಬೌಂಡ್, 4.1 ಅಸಿಸ್ಟ್ ಮಾಡಿದರು, ತಂಡ ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಎರಡನೇ ಸುತ್ತು ಮುಟ್ಟಿತು. ತನಗಿಂತ ನಿಧಾನದವರೇ ಎದುರು ನಿಂತಾಗ ಅವರ ಎಲ್ಲ ವಿದ್ಯೆಗೂ ಒಂದು ನೆಲೆ ಸಿಕ್ಕಿತ್ತು. ಅದೇ ಬೇಸಿಗೆಯಲ್ಲಿ ಶಕೀಲ್ ಓನೀಲ್ ಅವರನ್ನು ತರಿಸಿಕೊಳ್ಳಲು ಮಯಾಮಿ ಓಡಮ್‌ನನ್ನು ಲೇಕರ್ಸ್‌ಗೆ ಬಿಟ್ಟುಕೊಟ್ಟಿತು. ಓನೀಲ್‌ಗಾಗಿ ಯಾರನ್ನಾದರೂ ಕೊಡಬಹುದು, ಮಯಾಮಿಯದು ತಪ್ಪೆನ್ನಲಾಗದು. ಆದರೆ ಓಡಮ್ ಪಾಲಿಗೆ ಆ ವ್ಯವಹಾರ ಎರಡನೇ ಪಾತ್ರಕ್ಕೆ ಬರೆದ ಒಪ್ಪಂದವಾಯಿತು.

ಏಕೆಂದರೆ ಲೇಕರ್ಸ್‌ನಲ್ಲಿ ಕೋಬಿ ಬ್ರಯಂಟ್ ಇದ್ದರು. 2005–06ರ ಋತುವಿನಲ್ಲಿ ಬ್ರಯಂಟ್ ಪಂದ್ಯಕ್ಕೆ ಸರಾಸರಿ 35.4 ಅಂಕ ಗಳಿಸಿದರು, 27ಕ್ಕೂ ಹೆಚ್ಚು ಶಾಟ್ ಎಸೆದರು. ಓಡಮ್ ಪಾಲಿಗೆ ಬಂದ ಶಾಟ್‌ಗಳು ಅದರ ಅರ್ಧವೂ ಇಲ್ಲ. ಚೆಂಡು ಒಂದೇ ಇರುವ ಆಟವಿದು. ಕೋಚ್ ಫಿಲ್ ಜಾಕ್ಸನ್ ಅವರ ಟ್ರಯಾಂಗಲ್ ಪದ್ಧತಿಯಲ್ಲಿ ಚೆಂಡು ಹಿಡಿದು ಆಳುವ ಪಾಯಿಂಟ್ ಗಾರ್ಡ್‌ನ ಅಗತ್ಯವೇ ಇಲ್ಲ, ಎತ್ತರದ ಪಾಸರ್‌ಗೆ ಅಲ್ಲಿ ಬೇಕಾದಷ್ಟು ಕೆಲಸ. ಆ ಋತುವಿನಲ್ಲಿ ಓಡಮ್ 14.8 ಅಂಕ, 9.2 ರಿಬೌಂಡ್, 5.5 ಅಸಿಸ್ಟ್ ಕೊಟ್ಟರು. ತಂಡವನ್ನು ಹಿಡಿದಿಟ್ಟ ಅಂಕಿಗಳಿವು. ಅಭಿಮಾನಿಗಳ ಭಾಷೆಯಲ್ಲಿ ‘ಗ್ಲೂ ಗೈ’. ಬಿರುದುಗಳ ವಿಚಾರ ಬಂದಾಗ ಮಾತ್ರ ಆಟಕ್ಕುಂಟು, ಲೆಕ್ಕಕ್ಕಿಲ್ಲ.

2006ರ ಪ್ಲೇಆಫ್ ಮೊದಲ ಸುತ್ತು ಈ ಪದದ ಅಭ್ಯಾಸಿಗಳಿಗೆ ಹಬ್ಬ. ಲೇಕರ್ಸ್ ಕಡೆ ಓಡಮ್. ಫೀನಿಕ್ಸ್ ಸನ್ಸ್ ಕಡೆ ಫ್ರಾನ್ಸಿನ ಬೋರಿಸ್ ಡಿಯಾವ್, ಇನ್ನೊಬ್ಬ ಹುಟ್ಟು ಪಾಸರ್. ಅಟ್ಲಾಂಟಾ ತಂಡ ಡಿಯಾವ್‌ರನ್ನು ಗಾರ್ಡ್ ಎಂದುಕೊಂಡು ಆಡಿಸಿ, ಏನೂ ಗಿಟ್ಟದೆ 2005ರಲ್ಲಿ ಬಿಟ್ಟುಕೊಟ್ಟಿತ್ತು. ಫೀನಿಕ್ಸ್‌ನಲ್ಲಿ ಅಮಾರೆ ಸ್ಟೌಡೆಮೈರ್ ಮಂಡಿ ನೋವಿನಿಂದ ಬಹುತೇಕ ಇಡೀ ಋತು ಹೊರಗುಳಿದಾಗ 6 ಅಡಿ 8 ಅಂಗುಲದ ಡಿಯಾವ್ ಸೆಂಟರ್ ಜಾಗಕ್ಕೆ ಬಂದರು. ಸರಾಸರಿ 13.3 ಅಂಕ, 6.9 ರಿಬೌಂಡ್, 6.2 ಅಸಿಸ್ಟ್ ಗಳಿಸಿ, ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ ಪಡೆದರು. ಮನುಷ್ಯ ಅವನೇ, ಕೈ ಅದೇ. ನಿಲ್ಲಿಸಿದ ಜಾಗ ಬೇರೆ. ಸ್ಟೌಡೆಮೈರ್ ಮರಳಿದ ಮರುವರ್ಷ ಅವರ ಅಂಕಿಗಳು ಮತ್ತೆ ಇಳಿದವು. 2006ರ ಆ ಸರಣಿಯಲ್ಲಿ ಓಡಮ್ ಸರಾಸರಿ 19.1 ಅಂಕ, 11 ರಿಬೌಂಡ್ ಮಾಡಿದರೂ 3–1ರಿಂದ ಮುಂದಿದ್ದ ಲೇಕರ್ಸ್ 4–3ರಿಂದ ಸೋತಿತು.

ಆಲ್‌ಸ್ಟಾರ್ ಆಯ್ಕೆಯ ಗಣಿತವೂ ಸಣ್ಣದಲ್ಲ. ಲೀಗಿನಲ್ಲಿ ಪೂರ್ವ, ಪಶ್ಚಿಮ ಎಂಬ ಎರಡು ಕಾನ್ಫರೆನ್ಸ್, ಒಂದು ಕಾನ್ಫರೆನ್ಸಿಗೆ ಆಗ 12 ಜಾಗ. ಪಶ್ಚಿಮ ಕಾನ್ಫರೆನ್ಸಿನಲ್ಲಿ ಓಡಮ್ ಕಾಲದ ಫಾರ್ವರ್ಡ್‌ಗಳೆಂದರೆ ಡಂಕನ್, ಕೆವಿನ್ ಗಾರ್ನೆಟ್, ನೊವಿಟ್ಸ್ಕಿ, ಕ್ರಿಸ್ ವೆಬರ್. ಆಮೇಲೆ ಕಾರ್ಮೆಲೊ ಆಂಥನಿ, ಪಾವ್ ಗಸೋಲ್. ಇವರಲ್ಲಿ ಯಾರನ್ನು ಕೈಬಿಟ್ಟು ಓಡಮ್‌ಗೆ ಜಾಗ ಮಾಡುವುದು? 2008ರ ಫೆಬ್ರವರಿಯಲ್ಲಿ ಗಸೋಲ್ ಲೇಕರ್ಸ್‌ಗೇ ಬಂದ ಮೇಲೆ, ಮುಂದಿನ ಋತುವಿನಿಂದ ಓಡಮ್ ಹೆಚ್ಚಾಗಿ ಬೆಂಚಿನಿಂದ ಎದ್ದು ಬರುವ ಆಳಾದರು. 2009, 2010ರಲ್ಲಿ ಚಾಂಪಿಯನ್, 2011ರಲ್ಲಿ ಹಾಗೆ ಬೆಂಚಿನಿಂದ ಬಂದು ಆಡುವವರಿಗೆ ಕೊಡುವ ಶ್ರೇಷ್ಠ ಆರನೇ ಆಟಗಾರ ಪ್ರಶಸ್ತಿ. ಅದೇ ಡಿಸೆಂಬರಿನಲ್ಲಿ ಕ್ರಿಸ್ ಪಾಲ್‌ಗಾಗಿ ಅವರನ್ನು ಕೊಡಹೊರಟ ವ್ಯವಹಾರವನ್ನು ಲೀಗ್ ತಡೆಯಿತು. ಮನನೊಂದ ಓಡಮ್ ಡಲ್ಲಾಸ್‌ಗೆ ಹೋದರು. ಅಲ್ಲಿ ಸರಾಸರಿ 6.6 ಅಂಕ. ಆಮೇಲೆ ಆಟ ಚೇತರಿಸಿಕೊಳ್ಳಲೇ ಇಲ್ಲ.

ಹಾಗಾದರೆ ಎಲ್ಲ ಪಾಯಿಂಟ್ ಫಾರ್ವರ್ಡ್‌ಗಳ ಹಣೆಬರಹವೂ ಇಷ್ಟೇಯೇ? ಅಲ್ಲ. ಸ್ಕಾಟಿ ಪಿಪ್ಪೆನ್ ಇದೇ ಪಾತ್ರದಲ್ಲಿ ತಾರೆಯಾದರು. ಅವರ ಬಳಿ ಇದ್ದ ತಡೆಯಲಾಗದ ವಿದ್ಯೆ ರಕ್ಷಣೆಯದು: ಎದುರಾಳಿಯ ಅತ್ಯುತ್ತಮ ಆಟಗಾರನನ್ನು, ಅವನು ಗಾರ್ಡೇ ಇರಲಿ ಫಾರ್ವರ್ಡೇ ಇರಲಿ, ಕಟ್ಟಿಹಾಕುವುದು. ಮೈಕೆಲ್ ಜೋರ್ಡನ್ ಇಲ್ಲದ 1993–94ರ ಋತುವಿನಲ್ಲಿ ಸರಾಸರಿ 22 ಅಂಕ ಗಳಿಸಿ, ಶಿಕಾಗೊ ಬುಲ್ಸ್‌ಗೆ 55 ಪಂದ್ಯ ಗೆಲ್ಲಿಸಿ, ಎಂವಿಪಿ (ಋತುವಿನ ಅತ್ಯಮೂಲ್ಯ ಆಟಗಾರ) ಮತಗಳಲ್ಲಿ ಮೂರನೆಯವರಾದರು. ಆ ವರ್ಷವೇ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಮೂರನೇ ಪಂದ್ಯ 102–102ರಲ್ಲಿ ನಿಂತು 1.8 ಸೆಕೆಂಡ್ ಉಳಿದಿದ್ದಾಗ, ಆಗ ಬುಲ್ಸ್ ಕೋಚ್ ಆಗಿದ್ದ ಜಾಕ್ಸನ್ ಕೊನೆಯ ಶಾಟನ್ನು ಕ್ರೊಯೇಷಿಯಾದ ಟೋನಿ ಕುಕೋಚ್‌ಗೆ ಬರೆದರು. ಮುನಿದ ಪಿಪ್ಪೆನ್ ಅಂಕಣಕ್ಕೇ ಇಳಿಯಲಿಲ್ಲ. ಕುಕೋಚ್ ಶಾಟ್ ಬಿತ್ತು. ಪಿಪ್ಪೆನ್ ನಡತೆಯನ್ನು ಯಾರೂ ಮೆಚ್ಚಲಾರರು. ಆದರೂ ‘ಕೊನೆಯ ಚೆಂಡು ನನ್ನದು’ ಎಂಬ ಆ ಹಟ ತಾರೆಯ ಮೈಯಲ್ಲಿ ಇರುವಂಥದ್ದೇ. ಕುಕೋಚ್ ಕೂಡ ಎತ್ತರದ, ಎಡಗೈಯ, ಎಲ್ಲ ಬಲ್ಲ ಫಾರ್ವರ್ಡ್. ಮೂರು ಚಾಂಪಿಯನ್‌ಷಿಪ್, 1996ರ ಆರನೇ ಆಟಗಾರ ಪ್ರಶಸ್ತಿ, 2021ರಲ್ಲಿ ಹಾಲ್ ಆಫ್ ಫೇಮ್ ಎಲ್ಲ ಬಂದವು. ಎನ್‌ಬಿಎ ಆಲ್‌ಸ್ಟಾರ್ ಮಾತ್ರ ಅವರಿಗೂ ಸೊನ್ನೆ.

ಲೆಬ್ರಾನ್ ಜೇಮ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಾಸ್ ಅವರ ಮೊದಲ ಆಯ್ಕೆಯಾಗಿದ್ದರೂ ರಿಂಗಿನತ್ತ ಹೊರಟ ಆ ಮೈಯನ್ನು ಒಬ್ಬರೇ ನಿಲ್ಲಿಸಲಾಗದು ಎಂಬುದೇ ಅಲ್ಲಿ ಆಟದ ಬುಡ.

2010ರ ನಂತರ ಆಟವೇ ಪಾಯಿಂಟ್ ಫಾರ್ವರ್ಡ್‌ಗಳ ಕಡೆ ವಾಲಿತು. ಆ ವರ್ಷ ಟರ್ಕಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೋಚ್ ಮೈಕ್ ಶೆಶೆವ್ಸ್ಕಿ ಓಡಮ್‌ರನ್ನೇ ಸೆಂಟರ್ ಮಾಡಿ ಅಮೆರಿಕಕ್ಕೆ ಚಿನ್ನ ಗೆದ್ದರು. ಡ್ರೇಮಂಡ್ ಗ್ರೀನ್ 2012ರ ಡ್ರಾಫ್ಟ್‌ನಲ್ಲಿ 35ನೆಯವರೆಗೆ ಇಳಿದದ್ದಕ್ಕೆ ‘ಟ್ವೀನರ್’ ಎಂಬ ಹಣೆಪಟ್ಟಿಯೂ ಒಂದು ಕಾರಣ. ಗೋಲ್ಡನ್ ಸ್ಟೇಟ್ ತಂಡ 6 ಅಡಿ 6 ಅಂಗುಲದ ಈ ಆಳನ್ನು ಸೆಂಟರ್ ಜಾಗದಲ್ಲಿ ನಿಲ್ಲಿಸಿ, ಸುತ್ತ ನಾಲ್ವರು ಶೂಟರ್‌ಗಳನ್ನು ಹರಡಿ, ಪಾಸ್ ಕೊಡುವ ಕೆಲಸವನ್ನು ಅವರಿಗೇ ವಹಿಸಿತು. ಗ್ರೀನ್ ನಾಲ್ಕು ಸಲ ಆಲ್‌ಸ್ಟಾರ್, 2017ರಲ್ಲಿ ಶ್ರೇಷ್ಠ ರಕ್ಷಣಾ ಆಟಗಾರ. ಅಂಕ ಗಳಿಕೆಯಲ್ಲಿ ಅವರು ಓಡಮ್‌ನ ಹತ್ತಿರವೂ ಬರುವುದಿಲ್ಲ. ಪಿಪ್ಪೆನ್‌ನಂತೆ ಇವರಿಗೂ ರಕ್ಷಣೆಯೇ ಆ ಒಂದು ವಿದ್ಯೆ. ಜೊತೆಗೆ ಸರಿಯಾದ ತಂಡ ಸಿಕ್ಕಿತು, ಸರಿಯಾದ ಕಾಲದಲ್ಲಿ.

ಪದ ಬಳಸುವಾಗ ಒಂದು ಎಚ್ಚರ ಬೇಕು. ಚೆನ್ನಾಗಿ ಪಾಸ್ ಮಾಡುವ ದೊಡ್ಡಾಳುಗಳೆಲ್ಲ ಪಾಯಿಂಟ್ ಫಾರ್ವರ್ಡ್‌ಗಳಲ್ಲ. ನಿಕೋಲಾ ಯೋಕಿಚ್ ಆಟ ಕಟ್ಟುವುದು ಬಹುಪಾಲು ಸೆಂಟರ್ ಜಾಗದಿಂದ. 2014ರಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ಚಾಂಪಿಯನ್ ಆದಾಗ ಡಿಯಾವ್ ಫೈನಲ್‌ನ ಮೂರನೇ ಪಂದ್ಯದಿಂದ ಆರಂಭದ ಐವರಲ್ಲಿದ್ದರು. ಚೆಂಡು ತರುವ ಕೆಲಸ ಆಗ ಟೋನಿ ಪಾರ್ಕರ್‌ದು. ರಿಂಗಿಗೆ ಬೆನ್ನು ಹಾಕಿ, ಎದುರಾಳಿಯನ್ನು ಮೈಯಿಂದ ಒತ್ತಿ ಹಿಡಿದು, ಕಣ್ಣು ಬೇರೆಡೆ ಇಟ್ಟು ಪಾಸ್ ಕೊಡುವುದು ಡಿಯಾವ್‌ದು. ಅದಕ್ಕೆ, ನಿಂತ ಜಾಗ ರಿಂಗಿನಿಂದ ತುಸು ದೂರವಾದರೆ ‘ಹೈ ಪೋಸ್ಟ್ ಪಾಸರ್’, ರಿಂಗಿನ ಹತ್ತಿರವಾದರೆ ‘ಲೋ ಪೋಸ್ಟ್ ಪಾಸರ್’ ಎಂದರೆ ಸಾಕು. ರಿಬೌಂಡ್ ಹಿಡಿದ ಕೈಯೇ ಚೆಂಡನ್ನು ಅಂಕಣದ ಆ ತುದಿಗೆ ಒಯ್ದು ಆಟ ಶುರು ಮಾಡುವುದಾದರೆ ಮಾತ್ರ ಪಾಯಿಂಟ್ ಫಾರ್ವರ್ಡ್ ಎನ್ನಿ.