ಸ್ವಾಮೀಜಿ ಸರ್ಕಾರಕ್ಕೆ ಹೇಳಬಹುದು, ವೋಟರಿಗೆ ಹೇಳೋ ಹಾಗಿಲ್ಲ

ಎಲೆಕ್ಷನ್ ಹತ್ರ ಬಂತು ಅಂದ್ರೆ ದಾವಣಗೆರೆ ಕೋರ್ಟ್ ಆವರಣದಲ್ಲಿ ನಮ್ಮಂಥ ವಕೀಲರನ್ನ ನಿಲ್ಲಿಸಿ ಕೇಳೋದು ಇದೊಂದೇ, "ಸರ್, ಆ ಸ್ವಾಮ್ಗಳು ಸ್ಟೇಜ್ ಮೇಲೆ ಅವನ ಕೈ ಎತ್ತಿ ಆಶೀರ್ವಾದ ಮಾಡಿದಾರೆ, ವಿಡಿಯೋ ಐತೆ, ಕೇಸ್ ಹಾಕಿದ್ರೆ ಸೀಟು ಹೋಗುತ್ತಾ?" ಕೇಳೋರು ಪಾರ್ಟಿ ಹುಡುಗ್ರೇ, ತಮ್ಮ ಕಡೆ ಸ್ವಾಮೀಜಿ ಮಾತಾಡಿದಾಗ ಮಾತ್ರ ಯಾರೂ ಕೇಳಲ್ಲ ಬಿಡಿ.

ನಮ್ಮ ಕಡೆ ಧರ್ಮಾನ ರಾಜಕೀಯದಿಂದ ಬೇರೆ ಇಡಿ ಅಂತ ಸುಮ್ನೆ ಭಾಷಣ ಮಾಡಿದ್ರೆ ಆಗಲ್ಲ. ಹರಿಹರ ತಾಲ್ಲೂಕೊಂದ್ರಲ್ಲೇ ರಾಜನಹಳ್ಳಿ ವಾಲ್ಮೀಕಿ ಗುರುಪೀಠ, ಪಂಚಮಸಾಲಿ ಪೀಠ, ಬೆಳ್ಳೂಡಿಯ ಕನಕ ಗುರುಪೀಠದ ಶಾಖಾಮಠ ಇದಾವೆ. ಚಿತ್ರದುರ್ಗದ ಕಡೆ ಹೋದ್ರೆ ಮುರುಘಾಮಠ, ಸಿರಿಗೆರೆ ತರಳಬಾಳು, ಮಾದಾರ ಚನ್ನಯ್ಯ, ಭೋವಿ, ಯಾದವ, ಹೊಸದುರ್ಗದ ಹತ್ರ ಕುಂಚಿಟಿಗ, ಭಗೀರಥ, ಹೇಳ್ತಾ ಹೋದ್ರೆ ಮುಗಿಯಲ್ಲ. ಎಷ್ಟೋ ಮನೆಯ ಮೊದಲ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಮಠದ ಹಾಸ್ಟೆಲ್ಲಲ್ಲಿ ಉಂಡು ಓದಿದವನು, ಅವನ ಮನೆಯವರು ಮಠದ ಮಾತು ಕೇಳ್ತಾರೆ ಅಂದ್ರೆ ಅದು ಬರೀ ಮೂಢಭಕ್ತಿ ಅಲ್ಲ. ಫ್ರಾನ್ಸ್‌ನವರು 1905ರಲ್ಲೇ ಕಾನೂನು ಮಾಡಿ ಚರ್ಚು ಸರ್ಕಾರ ಎರಡನ್ನೂ ಬೇರೆ ಮಾಡಿದ್ರು, ನಮ್ಮ ಸಂವಿಧಾನ ಆ ದಾರಿ ಹಿಡೀಲಿಲ್ಲ. 25ನೇ ವಿಧಿ ಧರ್ಮದ ಸ್ವಾತಂತ್ರ್ಯ ಕೊಡುತ್ತೆ, ಅದರ ಜೊತೆಗೇ ಧಾರ್ಮಿಕ ಆಚರಣೆಗೆ ಅಂಟಿಕೊಂಡ ರಾಜಕೀಯ ಚಟುವಟಿಕೆಗೆ ಸರ್ಕಾರ ಕಾನೂನಿನ ಲಗಾಮು ಹಾಕಬಹುದು ಅಂತಾನೂ ಹೇಳುತ್ತೆ.

ಹಾಗಾಗಿ ನಾನು ಕಕ್ಷಿದಾರರಿಗೆ ಮೊದಲು ಕೇಳೋದು, ಸ್ವಾಮೀಜಿ ಯಾರಿಗೆ ಹೇಳಿದ್ರು? ಸರ್ಕಾರಕ್ಕಾ, ವೋಟರಿಗಾ? ರಾಜನಹಳ್ಳಿ ಸ್ವಾಮೀಜಿ ಎಸ್‌ಟಿ ಮೀಸಲಾತಿ ಜಾಸ್ತಿ ಮಾಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ತಿಂಗಳುಗಟ್ಟಲೆ ಧರಣಿ ಕೂತ್ರು, 2022ರಲ್ಲಿ ಅದು ಶೇ. 3ರಿಂದ 7ಕ್ಕೆ ಏರಿತು. 2021ರಲ್ಲಿ ಪಂಚಮಸಾಲಿಗಳು ಹಿಂದುಳಿದ ವರ್ಗಗಳ 2ಎ ಮೀಸಲಾತಿ ಬೇಕು ಅಂತ ಕೂಡಲಸಂಗಮದಿಂದ ಬೆಂಗಳೂರಿಗೆ ನಡೆದೇ ಹೋದ್ರು. ಇದನ್ನ ಒಪ್ಪೋದು ಬಿಡೋದು ನಿಮ್ಮಿಷ್ಟ, ಆದರೆ ಕೇಳೋದರಲ್ಲಿ ಅಪರಾಧ ಏನೂ ಇಲ್ಲ. ಅದೇ ಸ್ವಾಮೀಜಿ ಅಭ್ಯರ್ಥಿ ಒಪ್ಪಿಗೆ ಮೇಲೆ "ಇವನು ನಮ್ಮವನು, ಇವನಿಗೇ ಹಾಕಿ" ಅಂತ ಜಾತಿ, ಧರ್ಮ ಹಿಡಿದು ಕೇಳಿದ್ರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಅದು ಕರಪ್ಟ್ ಪ್ರಾಕ್ಟೀಸ್, ಅಂದ್ರೆ ಚುನಾವಣೆಯ ಭ್ರಷ್ಟ ನಡವಳಿಕೆ, ಸಾಬೀತಾದ್ರೆ ಗೆಲುವೇ ರದ್ದು.

ಆ ಸೆಕ್ಷನ್ನಲ್ಲಿ ಬರೋದು ಅಭ್ಯರ್ಥಿಯ ಧರ್ಮ ಮಾತ್ರಾನಾ, ವೋಟರಿನ ಧರ್ಮಾನೂ ಸೇರುತ್ತಾ ಅನ್ನೋ ಜಗಳ ಅಭಿರಾಮ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಏಳು ಜಡ್ಜುಗಳ ಮುಂದೆ ಹೋಗಿ, 2017ರ ಜನವರಿಯಲ್ಲಿ 4-3ರಲ್ಲಿ ವೋಟರಿನದ್ದೂ ಸೇರುತ್ತೆ ಅಂತ ತೀರ್ಮಾನ ಆಯ್ತು. ನನಗೇನೋ ಸೇರಲ್ಲ ಅಂದ ಆ ಮೂರು ಜಡ್ಜುಗಳ ಮಾತಲ್ಲೂ ತೂಕ ಇದೆ ಅನಿಸುತ್ತೆ. ಚಿತ್ರದುರ್ಗ ಲೋಕಸಭೆ ಎಸ್‌ಸಿ ಮೀಸಲು, ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಎಸ್‌ಟಿ ಮೀಸಲು, ಇಂಥ ಕಡೆ ನಿಂತವನು ತನ್ನ ಜನಕ್ಕಾದ ಅನ್ಯಾಯ ಹೇಳಬೇಕಂದ್ರೆ ಜಾತಿ ಹೆಸರು ಎತ್ತದೆ ಹೇಗೆ ಹೇಳ್ತಾನೆ? ಅನ್ಯಾಯ ಹೇಳೋದಕ್ಕೂ ಜಾತಿ ಹೆಸರಲ್ಲಿ ವೋಟು ಕೇಳೋದಕ್ಕೂ ಮಧ್ಯೆ ಇರೋ ಗೆರೆ ತೆಳ್ಳಗೈತೆ, ಪಾಟೀಸವಾಲಲ್ಲಿ ಎರಡೂ ಕಡೆಯವರು ಎಳೆದಾಡೋದು ಅದನ್ನೇ.

ಆದ್ರೆ ಹಳ್ಳಿಗಳಲ್ಲಿ ನಿಜವಾಗ್ಲೂ ಕೆಲಸ ಮಾಡೋದು ಇದಲ್ಲ ರೀ, ಅದೇ ಕಾಯ್ದೆಯ, ಯಾರೂ ಮಾತಾಡದ 123(2)ನೇ ಸೆಕ್ಷನ್ ಹೇಳೋ ತಪ್ಪು. ವೋಟು ಹಾಕದಿದ್ರೆ ದೇವರ ಸಿಟ್ಟಿಗೆ ಗುರಿಯಾಗ್ತೀಯ, ಗುರುಗಳ ಶಾಪ ತಟ್ಟುತ್ತೆ ಅಂತ ನಂಬಿಸೋದು ಅನುಚಿತ ಪ್ರಭಾವ ಅಂತ ಕಾಯ್ದೆಯಲ್ಲೇ ಬರೆದಿದೆ. ನಮ್ಮಲ್ಲಿ ಅದು ಹೇಗೆ ನಡೆಯುತ್ತೆ ಅಂದ್ರೆ ರಾತ್ರಿ ಮನೆಗೆ ಬಂದು ದುಡ್ಡು ಕೊಟ್ಟು, ದೇವರ ಫೋಟೋನೋ ಭಂಡಾರಾನೋ ಮುಟ್ಟಿಸಿ ಆಣೆ ಮಾಡಿಸ್ತಾರೆ. ದುಡ್ಡು ಕೊಟ್ಟಿದ್ದಕ್ಕೆ ಲಂಚ, ಆಣೆಗೆ ದೇವರ ಭಯ, ಒಂದೇ ಭೇಟಿಯಲ್ಲಿ ಎರಡು ತಪ್ಪು. ವಯಸ್ಸಾದ ಅಮ್ಮಂದಿರು ಬಂದು "ಆಣೆ ಮಾಡಿಬಿಟ್ಟೀನಪ್ಪ, ಬೇರೆಯವರಿಗೆ ಹಾಕಿದ್ರೆ ಮಕ್ಕಳಿಗೆ ಏನಾದ್ರೂ ಆಗುತ್ತಾ" ಅಂತ ಕೇಳ್ತಾರೆ. ದೇವರ ವಿಚಾರ ನನಗೆ ಗೊತ್ತಿಲ್ಲಮ್ಮ, ಕಾನೂನಲ್ಲಿ ಆ ಆಣೆಗೆ ಮೂರು ಕಾಸಿನ ಬೆಲೆ ಇಲ್ಲ, ಮಷೀನ್ ಒಳಗೆ ಏನು ಒತ್ತಿದ್ರಿ ಅಂತ ನಿಮ್ಮನ್ನ ಕೇಳೋ ಅಧಿಕಾರಾನೂ ಯಾರಿಗೂ ಇಲ್ಲ ಅಂತೀನಿ. ಎಷ್ಟು ಜನ ನಂಬ್ತಾರೋ. ವೇದಿಕೆ ಮೇಲಿನ ಭಾಷಣಕ್ಕಿಂತ ಈ ಆಣೆನೇ ನನಗೆ ಜಾಸ್ತಿ ಅಪಾಯ ಅನಿಸೋದು, ಯಾಕಂದ್ರೆ ಭಾಷಣ ಕೇಳಿದವನು ನಕ್ಕು ಮನೆಗೆ ಹೋಗಬಹುದು, ಆಣೆ ಮಾಡಿದವಳು ಬೂತಲ್ಲೂ ಒಬ್ಬಳೇ ಇರಲ್ಲ.

ಹಾಗಾದ್ರೆ ಹಾಕಿದ ಕೇಸುಗಳು ಕೋರ್ಟಲ್ಲಿ ಯಾಕೆ ಬಿದ್ದುಹೋಗ್ತಾವೆ? ಕಾಯ್ದೆ ಪ್ರಕಾರ ನಾಮಪತ್ರ ಹಾಕಿದ ಮೇಲೇ ಒಬ್ಬ ಅಭ್ಯರ್ಥಿ ಆಗೋದು, ಅದಕ್ಕಿಂತ ಮೊದಲು ಜಾತ್ರೆ, ಸಮಾವೇಶದಲ್ಲಿ ಏನು ಹೇಳಿದ್ರೂ ಕರಪ್ಟ್ ಪ್ರಾಕ್ಟೀಸ್ ಲೆಕ್ಕಕ್ಕೆ ಬರಲ್ಲ, ಇದು ಮಠಗಳಿಗೂ ಗೊತ್ತು ಪಾರ್ಟಿಗಳಿಗೂ ಗೊತ್ತು. ಆಮೇಲೆ ಅಭ್ಯರ್ಥಿ ಒಪ್ಪಿಗೆ ಇತ್ತು ಅಂತ ಸಾಬೀತು ಮಾಡಬೇಕು, ಕ್ರಿಮಿನಲ್ ಕೇಸಿನಷ್ಟೇ ಗಟ್ಟಿ ಸಾಕ್ಷಿ ಕೇಳ್ತಾರೆ. ಟೈಮಿನ ಕಥೆ ಕೇಳಬೇಡಿ, ಅಭಿರಾಮ್ ಸಿಂಗ್ ಕೇಸು ಹುಟ್ಟಿದ್ದು 1990ರ ಮುಂಬೈ ಎಲೆಕ್ಷನ್ನಿಂದ! ಹಂಗಂತ ಯಾವತ್ತೂ ಆಗಲ್ಲ ಅಂತಲ್ಲ, 1987ರ ಮುಂಬೈನ ವಿಲೇಪಾರ್ಲೆ ಉಪಚುನಾವಣೆಯಲ್ಲಿ ಧರ್ಮದ ಹೆಸರಲ್ಲಿ ವೋಟು ಕೇಳಿದ ಭಾಷಣಗಳಿಗೆ ಗೆದ್ದಿದ್ದ ರಮೇಶ್ ಪ್ರಭು ಸೀಟು ಹೋಯ್ತು, ಆ ಭಾಷಣ ಮಾಡಿದ ಶಿವಸೇನೆಯ ಬಾಳಾ ಠಾಕ್ರೆ ಆರು ವರ್ಷ ವೋಟಿನ ಹಕ್ಕನ್ನೇ ಕಳ್ಕೊಂಡ್ರು.

ಮಠ, ಗುಡಿ, ಮಸೀದಿ, ಚರ್ಚಿನ ಜಾಗಾನೇ ಪ್ರಚಾರಕ್ಕೆ ಬಳಸಿದ್ರೆ ಅದಕ್ಕೆ 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಬೇರೆ ಇದೆ, ಐದು ವರ್ಷದವರೆಗೆ ಜೈಲು. ಹೆಚ್ಚಿನ ಪೊಲೀಸರಿಗೆ ಈ ಕಾಯ್ದೆ ಹೆಸರು ಹೇಳಿದ್ರೆ ಪುಸ್ತಕ ಹುಡುಕ್ತಾರೆ, ಅದಕ್ಕೆ ದೂರಲ್ಲಿ ನೀವೇ ಬರೆದುಬಿಡಿ. ಪ್ರಚಾರದ ಟೈಮಲ್ಲಾದ್ರೆ ಚುನಾವಣಾ ಆಯೋಗದ ಸಿ-ವಿಜಿಲ್ ಆಪ್‌ನಲ್ಲೇ ಅಲ್ಲಿಂದಲೇ ವಿಡಿಯೋ ತೆಗೆದು ಕಳಿಸಿ, ಬೇರೆ ವಿಡಿಯೋ ತೆಗೆದಿದ್ರೆ ಅದರ ಒರಿಜಿನಲ್ ಇರೋ ಫೋನನ್ನ ಮಾರಬೇಡಿ, ಯಾವ ಊರು, ಯಾವ ತಾರೀಖು, ಪಕ್ಕದಲ್ಲಿ ಅಭ್ಯರ್ಥಿ ಕೂತಿದ್ನಾ ಎದ್ದು ಹೋದ್ನಾ ಎಲ್ಲ ಬರೆದಿಟ್ಕೊಳ್ಳಿ. ಆ ಕ್ಷೇತ್ರದ ಯಾವ ವೋಟರಾದ್ರೂ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು, 2000 ರೂಪಾಯಿ ಡಿಪಾಸಿಟ್, ರಿಸಲ್ಟ್ ಬಂದು 45 ದಿನದ ಒಳಗೆ. 46ನೇ ದಿನ ಬಂದು ಜ್ವರ ಇತ್ತು ಸರ್ ಅಂದ್ರೆ ನಡೆಯಲ್ಲ, ಬೇರೆ ಕೇಸುಗಳ ಥರ ವಿಳಂಬ ಮನ್ನಾ ಇದಕ್ಕಿಲ್ಲ.