ಕೊನೆಯ ಸನ್ಯಾಸಿನಿಯ ಸಾವಿಗೆ ಕಾದ ಕಾನ್ವೆಂಟ್

ನಮ್ಮಲ್ಲಿ ಕಾನ್ವೆಂಟ್ ಎಂದರೆ ಟೈ ಕಟ್ಟಿದ ಮಕ್ಕಳ ಇಂಗ್ಲಿಷ್ ಶಾಲೆ. ಆ ಪದದ ಮೂಲಾರ್ಥ ಕಣ್ಣಿಗೆ ಬೀಳಬೇಕಾದರೆ ಹಳೇ ಗೋವಾದ ಮೊಂತೆ ಸಾಂತೊ ಗುಡ್ಡದ ಕಡೆ ಹೊರಳಬೇಕು. ಬಾಂ ಜೀಸಸ್ ಬೆಸಿಲಿಕಾದ ಜನಜಂಗುಳಿಯನ್ನು ಹಿಂದೆ ಬಿಟ್ಟು ಸ್ವಲ್ಪ ನಡೆದರೆ ಸಾಂತಾ ಮೋನಿಕಾ ಎಂಬ ಸನ್ಯಾಸಿನಿಯರ ಮಠ ಎದುರಾಗುತ್ತದೆ. ಮೂರು ಅಂತಸ್ತು, ಜಂಬಿಟ್ಟಿಗೆಯ ಗೋಡೆ, ಆ ಗೋಡೆ ಹೊರಕ್ಕೆ ವಾಲದಂತೆ ಒತ್ತು ಕೊಟ್ಟ ದಪ್ಪ ಆಸರೆಗಳು. ಮಠಕ್ಕಿಂತ ಕೋಟೆಯ ಕಳೆಯೇ ಹೆಚ್ಚು.

ಆರ್ಚ್‌ಬಿಷಪ್ ಅಲೆಶೊ ದ ಮೆನೆಜಿಸ್ 1606ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿಸಿದರು. ಕಟ್ಟಡ ಮುಗಿಯುವಾಗ 1627. ಏಷ್ಯಾದ ಮೊದಲ ಕ್ಯಾಥೊಲಿಕ್ ಸನ್ಯಾಸಿನಿ ಮಠಗಳಲ್ಲಿ ಇದೂ ಒಂದು. 1636ರಲ್ಲಿ ಬೆಂಕಿಗೆ ತುತ್ತಾಗಿ ಮತ್ತೆ ಎದ್ದು ನಿಂತಿತು. ಇಲ್ಲಿನ ಶಿಲುಬೆಯ ಕ್ರಿಸ್ತ ಕಣ್ತೆರೆದನು, ಗಾಯಗಳಿಂದ ರಕ್ತ ಒಸರಿತು ಎಂಬ ನಂಬಿಕೆಗೂ ಅದೇ ವರ್ಷ. ಆ ಶಿಲುಬೆಗೆ ಈಗಲೂ ಭಕ್ತರಿದ್ದಾರೆ.

ಆದರೆ ಊರಿನ ಎಲ್ಲರಿಗೂ ಈ ಮಠ ಪ್ರಿಯವಾಗಿರಲಿಲ್ಲ. ಒಳಗೆ ಸೇರುವ ಹೆಣ್ಣು ವರದಕ್ಷಿಣೆಯಂತೆಯೇ ಹಣ ತರಬೇಕಿತ್ತು. ಸಿರಿವಂತ ವಿಧವೆಯರ ಆಸ್ತಿಯೂ ಹೀಗೆ ಬಂದು ಸೇರುತ್ತಿತ್ತು. ಊರಿನ ದುಡ್ಡೂ ಹೋಯಿತು, ಮದುವೆಗೆ ಹೆಣ್ಣುಗಳೂ ಇಲ್ಲವಾದರು ಎಂದು ಗೋವಾದ ನಗರಸಭೆ ಪೋರ್ಚುಗಲ್‌ನ ದೊರೆಗೆ ಮತ್ತೆ ಮತ್ತೆ ದೂರು ಬರೆಯುತ್ತಿತ್ತು. ಬರೆದವರೆಲ್ಲ ಗಂಡಸರು ಎಂಬುದನ್ನು ಮರೆಯುವಂತಿಲ್ಲ. ಬೇಡದ ಮದುವೆಯಿಂದ ತಪ್ಪಿಸಿಕೊಳ್ಳಲು ಆ ಕಾಲದ ಹೆಣ್ಣಿಗೆ ಬೇರೆ ಬಾಗಿಲಾದರೂ ಎಲ್ಲಿತ್ತು?

ದೂರುಗಳಿಗೆ ಬಗ್ಗದ ಮಠವನ್ನು ಮುಗಿಸಿದ್ದು 1834ರಲ್ಲಿ ಪೋರ್ಚುಗಲ್ ಹೊರಡಿಸಿದ ಆಜ್ಞೆ. ಗಂಡಸರ ಮಠಗಳನ್ನು ಒಮ್ಮೆಲೇ ಮುಚ್ಚಿ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡಿತು. ಹೆಂಗಸರ ಮಠಗಳಿಗೆ ಹೂಡಿದ ಉಪಾಯ ಬೇರೆ: ಇದ್ದವರು ಇರಲಿ, ಹೊಸಬರು ಬರಬಾರದು. ಕೊನೆಯವಳು ಕಣ್ಮುಚ್ಚಿದ ದಿನ ಬಾಗಿಲೂ ಮುಚ್ಚುತ್ತದೆ.

ಪಕ್ಕದ ಸಂತ ಅಗಸ್ಟೀನರ ಚರ್ಚು ದಿಕ್ಕಿಲ್ಲದೆ ಬಿದ್ದು 1842ರಲ್ಲಿ ಚಾವಣಿ ಕುಸಿಯಿತು. ಅದರ ಗೋಪುರದ ಅರ್ಧ ಉಳಿಕೆ ಇಂದಿಗೂ ಬೋಳಾಗಿ ನಿಂತಿದೆ. ಸಾಂತಾ ಮೋನಿಕಾದಲ್ಲಿ ಮಾತ್ರ ಐವತ್ತು ವರ್ಷ ಕಾಯುವಿಕೆ ನಡೆಯಿತು. ಪ್ರತಿ ಸಾವಿಗೂ ಒಂದು ಕೋಣೆ ಖಾಲಿ, ಪ್ರಾರ್ಥನೆಯಲ್ಲಿ ಒಂದು ದನಿ ಕಡಿಮೆ. ಕಡೆಯ ಸನ್ಯಾಸಿನಿ ತೀರಿಕೊಂಡದ್ದು 1885ರಲ್ಲಿ. ಮುಂದೆ ಅದೇ ಪಡಸಾಲೆಗಳಲ್ಲಿ ಸೈನಿಕರು ಬೀಡುಬಿಟ್ಟರು.

1964ರಲ್ಲಿ ಇಲ್ಲಿ ಮತ್ತೆ ಸನ್ಯಾಸಿನಿಯರ ಓಡಾಟ ಶುರುವಾಯಿತು, ಮಾತೆರ್ ದೇಯಿ ಎಂಬ ಧರ್ಮಶಿಕ್ಷಣ ಸಂಸ್ಥೆಯ ವಿದ್ಯಾರ್ಥಿನಿಯರಾಗಿ. ಪಾದ್ರಿಗಳನ್ನು ತಯಾರು ಮಾಡುವ ರಾಶೋಲ್ ಸೆಮಿನರಿಯಲ್ಲಿದ್ದ ಕ್ರೈಸ್ತ ಕಲಾ ಸಂಗ್ರಹಾಲಯ 2002ರಲ್ಲಿ ಇಲ್ಲಿಗೆ ಬಂದಿತು.

ಸಂಗ್ರಹಾಲಯದಲ್ಲಿ ಪೆಲಿಕನ್ ಹಕ್ಕಿಯ ಮುಂದೆ ತುಸು ಹೊತ್ತು ನಿಲ್ಲಿ. ಹದಿನೇಳನೆಯ ಶತಮಾನದ ಬೆಳ್ಳಿಯ ಕುಸುರಿ. ಭೂಗೋಳದ ಮೇಲೆ ನಿಂತ ತಾಯಿಹಕ್ಕಿ ತನ್ನ ಎದೆ ಬಗೆದು ಮರಿಗಳಿಗೆ ರಕ್ತ ಉಣಿಸುತ್ತಿದೆ. ಕ್ರಿಸ್ತನ ದೇಹವೆಂದು ನಂಬುವ ಪರಮಪ್ರಸಾದದ ರೊಟ್ಟಿಯನ್ನು ಭಕ್ತರಿಗೆ ತೋರಿಸುತ್ತಿದ್ದುದು ಆ ಎದೆಯ ಕಿಂಡಿಯಲ್ಲೇ. ಅದನ್ನು ಮಾಡಿಸಿದ್ದು ಇದೇ ಮಠಕ್ಕೆ.